ಹಡಗಿನ ಪಹಣಿ

ಪಹಣಿ ಓದಬಲ್ಲವರು ಹಡಗಿನ ಹಳೆಯ ಸರ್ವೆ ವರದಿಯನ್ನೂ ಓದಬಲ್ಲರು ಎಂಬುದು ನನ್ನ ವಾದ. ಒಪ್ಪುವವರು ಕಡಿಮೆ, ನಮ್ಮ ಭಾವನವರಂತೂ ಈವರೆಗೆ ಒಪ್ಪಿಲ್ಲ. ಆದರೆ ನೀವೇ ಹೇಳಿ. ಕುಮ್ಕಿ, ಪೋಡಿ, ಹಿಸ್ಸಾ, ಎ ಖರಾಬು, ಬಿ ಖರಾಬು ಎಂದೆಲ್ಲ ಕಾಲಂ ತುಂಬ ಬರೆದಿಟ್ಟದ್ದನ್ನು ಓದಿ, ಅದರೊಳಗಿಂದ ಅಜ್ಜನ ಅಡಿಕೆ ತೋಟವನ್ನು ಹುಡುಕಿ ತೆಗೆದ ಮನುಷ್ಯನಿಗೆ 1840ರ ಒಂದು ಹಡಗಿನ ಕಾಗದ ಯಾವ ಮಹಾ ಲೆಕ್ಕ? ಎರಡನ್ನೂ ಹುಟ್ಟಿಸಿದ್ದು ಒಂದೇ ಸಂಗತಿ: ಒಬ್ಬರ ಮಾತನ್ನು ಇನ್ನೊಬ್ಬರು ನಂಬದಿರುವುದು. ನಂಬುವವರಾಗಿದ್ದರೆ ‘ಗದ್ದೆ ಚೆನ್ನಾಗಿದೆ’, ‘ಹಡಗು ಗಟ್ಟಿಯಾಗಿದೆ’ ಎಂದರೆ ಸಾಕಿತ್ತಲ್ಲ? ಅಳೆಯುವವನೊಬ್ಬ, ಬರೆಯುವವನೊಬ್ಬ, ಬರೆದದ್ದಕ್ಕೆ ಮೊಹರು ಒತ್ತುವವನೊಬ್ಬ, ಇಷ್ಟು ಜನ ಯಾಕೆ ಬೇಕಾಗಿತ್ತು?

ಹಡಗನ್ನು ಸರ್ವೆ ಮಾಡುವ ಪದ್ಧತಿ ಎಲ್ಲಿಂದ ಬಂತು ಎಂದು ಕೇಳಿದರೆ ಕಾಫಿಯಿಂದಲೇ ಶುರು ಮಾಡಬೇಕಾಗುತ್ತದೆ, ಏನು ಮಾಡುವುದು. ಲಂಡನ್ನಿನ ಟವರ್ ಸ್ಟ್ರೀಟಿನಲ್ಲಿ ಎಡ್ವರ್ಡ್ ಲಾಯ್ಡ್ ಎಂಬಾತ ಕಾಫಿ ಅಂಗಡಿ ಇಟ್ಟಿದ್ದ. ಆ ಅಂಗಡಿಯ ಹೆಸರು ಮೊದಲು ಅಚ್ಚಾದದ್ದು 1688ರ ಲಂಡನ್ ಗೆಜೆಟ್‌ನಲ್ಲಿ. ಅದೂ ಹಡಗಿನ ವಿಷಯಕ್ಕಲ್ಲ, ಕದ್ದುಹೋದ ಗಡಿಯಾರಗಳ ವಿಷಯಕ್ಕೆ: ಸುಳಿವು ಕೊಟ್ಟವರು ಲಾಯ್ಡನ ಅಂಗಡಿಗೆ ಬಂದು ಬಹುಮಾನ ತೆಗೆದುಕೊಳ್ಳಬಹುದು ಎಂಬ ಜಾಹೀರಾತು. 1691ರಲ್ಲಿ ಅಂಗಡಿ ಲೊಂಬಾರ್ಡ್ ಸ್ಟ್ರೀಟಿಗೆ ಹೋಯಿತು. ಕಪ್ತಾನರು, ವ್ಯಾಪಾರಿಗಳು, ವಿಮೆ ಬರೆಯುವವರು ಎಲ್ಲರೂ ಅಲ್ಲಿಗೇ ಬಂದು ಕೂತರು. ಅಲ್ಲಿ ಕುಡಿಯುತ್ತಿದ್ದ ಕಾಫಿ ಯೆಮೆನ್ ದೇಶದ ಮೋಕಾ ಬಂದರಿನ ದಾರಿಯಿಂದ ಬಂದದ್ದು. ನಮ್ಮ ಬಾಬಾ ಬುಡನ್ ಅದೇ ಮೋಕಾ ಕಡೆಯಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದ್ದೂ ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಎಂಬ ಪ್ರತೀತಿ ಇದೆ. ಇಬ್ಬರ ಕಾಫಿಯೂ ಒಂದೇ ಕಡೆಯದು. ಅಲ್ಲಿ ವಿಮೆಯ ಪೇಟೆ ಹುಟ್ಟಿತು, ಇಲ್ಲಿ ಎಸ್ಟೇಟು ಹುಟ್ಟಿತು. ಯಾವುದು ಲಾಭ ಎಂದು ಕೇಳಬೇಡಿ. ಬೆಳೆಗಾರರನ್ನು ಕೇಳಿದರೆ ಈ ವರ್ಷವೂ ನಷ್ಟವೇ ಎನ್ನುತ್ತಾರೆ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದೆ ತೊಡಕಾಗುತ್ತದೆ. ಲಾಯ್ಡ್ಸ್ ಆಫ್ ಲಂಡನ್ ಎಂಬುದು ವಿಮೆಯ ಪೇಟೆ. ಲಾಯ್ಡ್ಸ್ ರಿಜಿಸ್ಟರ್ ಎಂಬುದು ಹಡಗಿನ ಗುಣ ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡುವ ಸಂಸ್ಥೆ. ಹುಟ್ಟಿದ್ದು ಒಂದೇ ಕಾಫಿ ಅಂಗಡಿಯಲ್ಲಿ, ಆದರೆ ಒಲೆ ಬೇರೆ, ಮನೆ ಬೇರೆ. ಜನರಿಗೆ ಮಾತ್ರ ಇಂದಿಗೂ ಎರಡೂ ಒಂದೇ.

ವಿಮೆ ಬರೆಯುವವನ ಕಷ್ಟ ಏನು? ಆತ ಅಂಗಡಿಯಲ್ಲಿ ಕೂತಿದ್ದಾನೆ, ಹಡಗು ಜಮೈಕಾದಲ್ಲಿದೆ. ಮಾಲೀಕ ‘ನನ್ನ ಹಡಗು ಬಂಡೆಯ ಹಾಗಿದೆ’ ಎನ್ನುತ್ತಾನೆ. ಮಾಲೀಕ ಇನ್ನೇನು ಹೇಳಿಯಾನು! ಹಾಗಾಗಿ 1760ರಲ್ಲಿ ವಿಮೆಯವರು ಸೇರಿ ಒಂದು ಕೂಟ ಕಟ್ಟಿ, ಸರ್ವೇಯರುಗಳನ್ನು ನೇಮಿಸಿ, ಹಡಗುಗಳ ಪಟ್ಟಿ ಮಾಡಿಸಿದರು. ಇಂದು ಉಳಿದಿರುವ ಅತಿ ಹಳೆಯ ಪುಸ್ತಕ 1764ರದು. ಅದರಲ್ಲಿ ಹಡಗಿನ ಮೈಗೆ ಇಂಗ್ಲಿಷಿನ ಐದು ಸ್ವರಗಳು: ಎ, ಇ, ಐ, ಓ, ಯು. ಎ ಎಂದರೆ ಉತ್ತಮ, ಯು ಎಂದರೆ ದೇವರೇ ಗತಿ. ಲಂಗರು, ಹಗ್ಗ, ಹಾಯಿ ಮುಂತಾದ ಸಾಮಾನಿಗೆ ಬೇರೆ ಮೂರು ಅಕ್ಷರ: ಜಿ ಎಂದರೆ ಚೆನ್ನಾಗಿದೆ, ಎಂ ಎಂದರೆ ನಡೀತದೆ, ಬಿ ಎಂದರೆ ಕೆಟ್ಟದ್ದು. ಸ್ವಲ್ಪ ಕಾಲದಲ್ಲೇ ಈ ಮೂರು ಅಕ್ಷರ ಹೋಗಿ ಒಂದು, ಎರಡು, ಮೂರು ಎಂಬ ಅಂಕಿ ಬಂತು. 1775ರ ಸುಮಾರಿಗೆ ಪುಸ್ತಕದಲ್ಲಿ ‘ಎ ಒನ್’ ಕಾಣಿಸಿಕೊಂಡಿತು.

ಗೊತ್ತಾಯಿತಲ್ಲ? ನಮ್ಮ ಪೇಟೆಯ ಎ ಒನ್ ಬೇಕರಿ, ಎ ಒನ್ ಟೈಲರ್ ಎಲ್ಲರ ಮೂಲಪುರುಷ ಇದೇ ಪುಸ್ತಕದಲ್ಲಿದ್ದಾನೆ. ಡಿಕನ್ಸ್ ಪಿಕ್‌ವಿಕ್ ಪೇಪರ್ಸ್ ಬರೆಯುವ ಹೊತ್ತಿಗೆ, ಅಂದರೆ 1836-37ಕ್ಕೆ, ಆ ಮಾತು ಹಡಗು ಬಿಟ್ಟು ದಡಕ್ಕೆ ಬಂದಾಗಿತ್ತು. ಸಾಲಗಾರರ ಜೈಲಿನ ಕಾವಲುಗಾರನ ಬಾಯಲ್ಲಿ ಅದನ್ನು ಆಡಿಸಿದ್ದಾನೆ. ಆದರೆ ಎಲ್ಲರೂ ಮರೆತ ಒಂದು ಸಂಗತಿ ಇದೆ. ಎ ಹಡಗಿನ ಮೈಗೆ, ಒಂದು ಅದರ ಲಂಗರಿಗೆ. ಮೈ ಗಟ್ಟಿ ಇದ್ದು ಲಂಗರು ಸಡಿಲವಿದ್ದರೆ ಎ ಎರಡು. ಅಂಥ ಮನುಷ್ಯರು ನಿಮಗೂ ನಾಲ್ಕಾರು ಮಂದಿ ಗೊತ್ತಿದ್ದಾರೆ, ಹೆಸರು ಹೇಳುವುದು ಬೇಡ.

ಆ ಪುಸ್ತಕದ ಇನ್ನೊಂದು ಕಾಲಂ ನೋಡಿ ಭಾವನವರು ಸಿಟ್ಟಾದರು. ಅವರು ಪಣಂಬೂರಿನ ಬಂದರಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಹಡಗಿನ ವಿಷಯದಲ್ಲಿ ತಮಗೆ ತಿಳಿಯದ್ದು ಇರಬಾರದು ಎಂಬ ಹಟದವರು. ಹಡಗಿನ ಹೆಸರಿನ ಪಕ್ಕ ಒಂದಕ್ಕೆ ‘ಎಸ್’, ಇನ್ನೊಂದಕ್ಕೆ ‘ಬಿಜಿ’, ಮತ್ತೊಂದಕ್ಕೆ ‘ಎಸ್‌ಡಬ್ಲ್ಯು’ ಎಂದಿತ್ತು. ‘ಎಸ್ ಎಂದರೆ ಶಿಪ್’ ಎಂದೆ. ‘ಅಲ್ಲ ಮಾರಾಯ, ಹಾಗಾದರೆ ಉಳಿದವು ಎಂಥದು, ಎತ್ತಿನ ಗಾಡಿಯಾ?’ ಎಂದರು. ನ್ಯಾಯವಾದ ಪ್ರಶ್ನೆ. ಆ ಕಾಲದ ನಾವಿಕನ ಲೆಕ್ಕದಲ್ಲಿ ಮೂರು ಕೂವೆಮರ ಇದ್ದು, ಮೂರಕ್ಕೂ ಚೌಕ ಹಾಯಿ ಕಟ್ಟಿದ್ದರೆ ಮಾತ್ರ ಅದು ಶಿಪ್. ಎರಡೇ ಕೂವೆಮರವಿದ್ದು ಎರಡಕ್ಕೂ ಚೌಕ ಹಾಯಿ ಇದ್ದರೆ ಬ್ರಿಗ್, ಅದೇ ಬಿಜಿ. ಹಿಂದಿನ ಕೂವೆಮರದ ಬೆನ್ನಿಗೆ ಇನ್ನೊಂದು ಸಣಕಲು ಕಂಬ ನಿಲ್ಲಿಸಿ ಅದಕ್ಕೆ ಹಾಯಿ ಸಿಕ್ಕಿಸಿದ್ದರೆ ಅದು ಸ್ನೋ. ಅದಕ್ಕೂ ಹಿಮಕ್ಕೂ ಸಂಬಂಧವಿಲ್ಲ, ಡಚ್ಚರಿಂದ ಬಂದ ಹೆಸರು. ಅಂದರೆ ಹಡಗಿನ ಪುಸ್ತಕದಲ್ಲಿರುವ ಹಡಗುಗಳಲ್ಲಿ ಬಹಳಷ್ಟು ಹಡಗುಗಳೇ ಅಲ್ಲ! ಭಾವನವರು ಎದ್ದು ಒಳಗೆ ಹೋದರು. ಎಲೆಯಡಿಕೆ ತಟ್ಟೆ ಹಿಡಿದುಕೊಂಡು ವಾಪಸು ಬಂದರು, ಸದ್ಯ.

ನಂಬಿಕೆಯ ಮಾತು ಹೇಳುತ್ತಿದ್ದೆ. ಪುಸ್ತಕ ಬಂದ ಮೇಲೆ ಜಗಳ ನಿಂತಿತೇ? ಎಲ್ಲಿಯ ಮಾತು. 1797ರ ಹೊತ್ತಿಗೆ ವಿಮೆಯವರು ಹೊಸ ನಿಯಮ ಮಾಡಿದರು: ಹಡಗಿನ ದರ್ಜೆ ಅದು ಎಲ್ಲಿ ಕಟ್ಟಿದ್ದು, ಎಷ್ಟು ಹಳೆಯದು ಎಂಬುದರ ಮೇಲೆ. ಥೇಮ್ಸ್ ನದಿಯಲ್ಲಿ ಕಟ್ಟಿದ್ದಕ್ಕೆ ಹೆಚ್ಚು ವರ್ಷ ಎ, ಬೇರೆ ಊರಿನದಕ್ಕೆ ಕಡಿಮೆ. ಎಷ್ಟೇ ಚೆನ್ನಾಗಿ ದುರಸ್ತಿ ಮಾಡಿಸಿ ಇಟ್ಟುಕೊಂಡರೂ ವಯಸ್ಸಾಯಿತೆಂದರೆ ಕೆಳಗೆ. ಮಾಲೀಕರು ಸುಮ್ಮನಿರುತ್ತಾರೆಯೇ? 1799ರಲ್ಲಿ ತಮ್ಮದೇ ಒಂದು ಪುಸ್ತಕ ತಂದರು. ವಿಮೆಯವರದು ಹಸಿರು ಪುಸ್ತಕ, ಮಾಲೀಕರದು ಕೆಂಪು ಪುಸ್ತಕ. ಮೂವತ್ತು ನಲವತ್ತು ವರ್ಷ ಎರಡೂ ಅಚ್ಚಾದವು. ಒಂದೇ ಹಡಗು ಅಲ್ಲೊಂದು ದರ್ಜೆ, ಇಲ್ಲೊಂದು ದರ್ಜೆ. ಕೊನೆಗೆ ಇಬ್ಬರ ಗಂಟೂ ಕರಗಿ 1834ರಲ್ಲಿ ರಾಜಿಯಾಗಿ ಒಂದೇ ಸಂಸ್ಥೆಯಾಯಿತು. ನಮ್ಮ ಕಡೆಯ ಪಾಲಿನ ದಾವೆಗಳು ಮುಗಿಯುವುದೂ ಹೀಗೆಯೇ: ನ್ಯಾಯ ಸಿಕ್ಕಿದ್ದಕ್ಕಲ್ಲ, ವಕೀಲರಿಗೆ ಕೊಡಲು ದುಡ್ಡಿಲ್ಲದ್ದಕ್ಕೆ.

ನನಗೆ ನಿಜವಾದ ರುಚಿ ಹತ್ತಿದ್ದು 1834ರ ನಂತರದ ಸರ್ವೆ ವರದಿಗಳಲ್ಲಿ. ಅಚ್ಚಾದ ಫಾರಮು, ಖಾಲಿ ಜಾಗದಲ್ಲಿ ಸರ್ವೇಯರನ ಕೈಬರಹ. ಕೀಲ್ ಯಾವ ಮರ, ಪಕ್ಕೆಯ ತೊಲೆ ಯಾವ ಮರ, ಹಲಗೆ ಎಷ್ಟು ದಪ್ಪ, ಮೊಳೆ ತಾಮ್ರದ್ದೋ ಕಬ್ಬಿಣದ್ದೋ ಮರದ್ದೋ. ಮರದ ಮೊಳೆ ಎಂದರೆ ನಗಬೇಡಿ. ಗಟ್ಟಿ ಮರದ ಗೂಟವನ್ನು ಬಡಿದು ಕೂರಿಸಿದರೆ ನೀರಿನಲ್ಲಿ ಉಬ್ಬಿ ಕಚ್ಚಿ ಹಿಡಿಯುತ್ತದೆ, ತುಕ್ಕು ಹಿಡಿಯುವ ಪ್ರಶ್ನೆಯೇ ಇಲ್ಲ. ಆಮೇಲೆ ಒಂದು ವಿಚಿತ್ರ ಕಾಲಂ: ಮೊಣಕಾಲು ಎಷ್ಟು? ಹಡಗಿಗೆ ಮೊಣಕಾಲೇ ಎಂದರೆ, ಹೌದು. ಅಟ್ಟದ ತೊಲೆಯೂ ಪಕ್ಕದ ಗೋಡೆಯೂ ಕೂಡುವ ಮೂಲೆಗೆ ಆಸರೆ ಕೊಡುವ ಬಾಗಿದ ಮರ ಅದು. ನೆಟ್ಟಗಿನ ಮರವನ್ನು ಬಾಗಿಸಿ ಮಾಡಿದ್ದಲ್ಲ, ಕೊಂಬೆ ಕವಲೊಡೆದ ಕಡೆ ತಾನಾಗಿ ಬಾಗಿ ಬೆಳೆದದ್ದನ್ನೇ ಹುಡುಕಿ ಕಡಿದದ್ದು. ಅದಕ್ಕಾಗಿ ದಟ್ಟ ಕಾಡಿನ ನೆಟ್ಟನೆಯ ಓಕ್‌ಗಿಂತ ಬೇಲಿಸಾಲಿನಲ್ಲಿ ಒಂಟಿಯಾಗಿ ನಿಂತು ಅಡ್ಡಾದಿಡ್ಡಿ ಬೆಳೆದ ಓಕ್‌ಗೆ ಬೆಲೆ. ಮೊಣಕಾಲಿನ ಜೊತೆಗೆ ಪಕ್ಕೆಲುಬು, ಕೆನ್ನೆ, ಎದೆಯ ಕೊಕ್ಕೆ ಎಲ್ಲವೂ ಇವೆ. ಓದುತ್ತ ಹೋದರೆ ಹಡಗಿನ ವರದಿಯೋ ಆಸ್ಪತ್ರೆಯ ಕೇಸ್ ಶೀಟೋ ಎಂದು ಅನುಮಾನ ಬರಬೇಕು.

ಸರ್ವೇಯರ ಏನು ಮಾಡುತ್ತಿದ್ದ? ಹಡಗನ್ನು ಒಣಕಟ್ಟೆಗೆ ಏರಿಸಿ, ಸುತ್ತಿಗೆ ಹಿಡಿದು ಹಲಗೆ ಹಲಗೆ ತಟ್ಟಿ ಕಿವಿಗೊಡುತ್ತಿದ್ದ. ಗಟ್ಟಿ ಮರ ಟಣ್ಣೆನ್ನುತ್ತದೆ, ಕೊಳೆತದ್ದು ಮಂಕಾಗಿ ಡಬ್ಬೆನ್ನುತ್ತದೆ. ಅನುಮಾನ ಬಂದ ಕಡೆ ಬೈರಿಗೆಯಿಂದ ಕೊರೆದು ಹೊರಬಂದ ಪುಡಿ ನೋಡುವುದು. ಅದಕ್ಕೂ ಸಮಾಧಾನವಾಗದಿದ್ದರೆ ಒಂದು ಹಲಗೆಯನ್ನೇ ಕೀಳಿಸಿ ಒಳಗೆ ಇಣುಕುವುದು. ಆಮೇಲೆ ಇಷ್ಟು ವರ್ಷಕ್ಕೆ ಎ ಒನ್ ಕೊಡಬಹುದು ಎಂದು ಕೆಳಗೆ ಅಭಿಪ್ರಾಯ ಬರೆಯುತ್ತಿದ್ದ. ಬರೆಯುವುದಷ್ಟೇ, ಕೊಡುವುದು ಲಂಡನ್ನಿನ ಕಮಿಟಿ. ಮೇಲೆ ಸರ್ವೇಯರನ ಒಂದು ಪುಟ ಉದ್ದದ ಸುರುಳಿ ಅಕ್ಷರ, ಕೊನೆಯಲ್ಲಿ ಕಮಿಟಿಯ ಒಂದೇ ಸಾಲಿನ ನಿರ್ಣಯ. ಹಡಗನ್ನೇ ನೋಡದವರು ಹಡಗು ತಟ್ಟಿ ನೋಡಿದವನ ಮೇಲೆ ತೀರ್ಪು ಬರೆಯುವ ಆ ಒಂದು ಸಾಲು ನೋಡಿದಾಗ, ತಾಲೂಕು ಕಚೇರಿ ಎಲ್ಲ ದೇಶದಲ್ಲೂ ಇದೆ ಎಂದು ನನಗೆ ಖಾತ್ರಿಯಾಯಿತು.

ವರ್ಷ ಎಷ್ಟು ಎಂಬುದನ್ನು ಮರ ನಿರ್ಣಯಿಸುತ್ತಿತ್ತು. ನಿಯಮದ ಪುಸ್ತಕದಲ್ಲಿ ಮರಗಳ ಜಾತಿಪಟ್ಟಿ. ಇಂಗ್ಲಿಷ್ ಓಕ್ ಮೇಲಿನ ಸಾಲಿನಲ್ಲಿ, 12 ವರ್ಷ. ಅದರ ಜೊತೆಗೆ ಸರಿಸಮನಾಗಿ ಕೂತವರು ಯಾರು? ಈಸ್ಟ್ ಇಂಡಿಯಾ ಟೀಕ್, ಅಂದರೆ ನಮ್ಮ ತೇಗ. ಫರ್, ಪೈನ್ ಮುಂತಾದ ಮೆದು ಮರದವರಿಗೆ ಕೆಳಗಿನ ಪಂಕ್ತಿ. ಉತ್ತರ ಕನ್ನಡದ ಕಾಡಿನ ತೇಗ ಮುಂಬಯಿಯ ಹಡಗುಕಟ್ಟೆಗೆ ಹೋಗುತ್ತಿದ್ದ ಕಾಲ ಅದು. ಕೂವೆಮರಕ್ಕೆ ಬೇಕಾದ ಪೂನ್ ದೂಲಗಳು, ಅಂದರೆ ಸುರಹೊನ್ನೆಯ ಬಳಗದ ನೆಟ್ಟನೆಯ ಕಾಡುಮರ, ಅವೂ ಕೆನರಾ, ಮಲಬಾರಿನ ಕಾಡುಗಳಿಂದಲೇ. ಮುಂಬಯಿಯಲ್ಲಿ ಕಟ್ಟುವವರು ಪಾರ್ಸಿ ವಾಡಿಯಾ ಮನೆತನದವರು. ಅವರು ಮಲಬಾರ್ ತೇಗದಿಂದ 1817ರಲ್ಲಿ ಕಟ್ಟಿದ ಟ್ರಿಂಕಾಮಲಿ ಎಂಬ ನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ನೀರಿನ ಮೇಲೆ ನಿಂತಿದೆ. ಯುದ್ಧನೌಕೆಯಾದ್ದರಿಂದ ಲಾಯ್ಡ್ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ, ನಾನೇ ಸುಮ್ಮನೆ ಎಳೆದು ತಂದೆ. ತಂದಮೇಲೆ ಇದನ್ನೂ ಕೇಳಿ: ಅದರ ನಕ್ಷೆಗಳನ್ನು ಇಂಗ್ಲೆಂಡಿನಿಂದ ಜಾವಾ ಎಂಬ ನೌಕೆಯಲ್ಲಿ ಕಳಿಸಿದ್ದರು. 1812ರಲ್ಲಿ ಆ ಜಾವಾವನ್ನು ಅಮೆರಿಕದ ಕಾನ್‌ಸ್ಟಿಟ್ಯೂಷನ್ ನೌಕೆ ಸೋಲಿಸಿ ಸುಟ್ಟಿತು, ನಕ್ಷೆಯೂ ಹೋಯಿತು. ಮತ್ತೆ ಪ್ರತಿ ಮಾಡಿ ಕಳಿಸಬೇಕಾಯಿತು. ಕಾಗದ ಕಳೆದುಹೋಗಿದೆ, ನಕಲು ಕೊಡಿ ಎಂದು ಬರೆದ ಅರ್ಜಿ ಎಲ್ಲಾದರೂ ಕಡತದಲ್ಲಿ ಇದ್ದೀತು.

ಎ ಅವಧಿ ಮುಗಿದ ಹಡಗು ಏನಾಗುತ್ತದೆ? ಮತ್ತೆ ಸರ್ವೆ ಮಾಡಿಸಿ ಸರಿ ಕಂಡರೆ ‘ಮುಂದುವರಿಸಿದೆ’ ಎಂದು ಬರೆಯುತ್ತಾರೆ. ಇಲ್ಲದಿದ್ದರೆ ಎ ಮತ್ತು ಇ ಎರಡನ್ನೂ ಬೆಸೆದ ಒಂದು ಜೋಡಕ್ಷರ. ಅದಕ್ಕೂ ಕೆಳಗೆ ಬರಿಯ ಇ, ಆಮೇಲೆ ಐ. ಇ ಬಂದರೆ ಹಡಗು ಮುಳುಗುತ್ತದೆ ಎಂದಲ್ಲ. ಸಮುದ್ರದ ನೀರು ತಾಗಿದರೂ ಕೆಡದ ಸರಕನ್ನು ಹೊರಬಹುದು ಎಂದು. ಚಹಾ, ರೇಷ್ಮೆ ಎಲ್ಲ ಎ ಹಡಗಿಗೆ, ಕಲ್ಲಿದ್ದಲು ಇ ಹಡಗಿಗೆ. ಐ ಬಂದರೆ ಅದೇ ಸರಕು, ಹತ್ತಿರದ ಊರಿಗೆ ಮಾತ್ರ. ವಯಸ್ಸಾದವರನ್ನು ದೂರದ ಮದುವೆಗೆ ಕಳಿಸದೆ ಪಕ್ಕದ ಮನೆಯ ಸತ್ಯನಾರಾಯಣ ಪೂಜೆಗೆ ಮಾತ್ರ ಕಳಿಸುತ್ತಾರಲ್ಲ, ಹಾಗೆ. ಭಾವನವರು ಈ ಭಾಗವನ್ನು ಓದಿ ಏನೂ ಹೇಳಲಿಲ್ಲ.

ತಳಕ್ಕೆ ತಾಮ್ರ ಹೊದಿಸಿದೆಯೇ ಎಂಬುದಕ್ಕೆ ಬೇರೆಯೇ ಸಂಕೇತಗಳು. ಉಷ್ಣ ದೇಶದ ಕಡಲಿನಲ್ಲಿ ಮರ ಕೊರೆಯುವ ಒಂದು ಹುಳು ಇದೆ. ಹುಳು ಎಂದು ಕರೆದರೂ ಅದು ಮರುವಾಯಿ, ಕಲ್ವದ ಬಳಗ. ನಮ್ಮ ಕರಾವಳಿಯವರು ದೋಣಿಗೆ ಮೀನೆಣ್ಣೆ ಬಳಿದು ಬಳಿದು ಅದನ್ನು ದೂರ ಇಟ್ಟರು. ಬ್ರಿಟಿಷ್ ನೌಕಾಪಡೆ 1761ರಲ್ಲಿ ಅಲಾರ್ಮ್ ಎಂಬ ನೌಕೆಯ ತಳಕ್ಕೆ ತಾಮ್ರದ ತಗಡು ಹೊಡೆದು ವೆಸ್ಟ್ ಇಂಡೀಸಿಗೆ ಕಳಿಸಿತು. ಎರಡು ವರ್ಷಕ್ಕೆ ತಿರುಗಿ ಬಂದಾಗ ಹುಳು ಮುಟ್ಟಿರಲಿಲ್ಲ, ಆದರೆ ತಾಮ್ರ ತಾಗಿದ ಕಬ್ಬಿಣದ ಮೊಳೆಗಳು ಕರಗಿ ಹೋಗಿದ್ದವು. ಕೆಲವು ಕಡೆ ಮಾತ್ರ ಮೊಳೆ ಭದ್ರವಾಗಿತ್ತು. ಯಾಕೆಂದು ನೋಡಿದರೆ ತಗಡು ಸುತ್ತಿ ಬಂದಿದ್ದ ಕಂದು ಕಾಗದವನ್ನು ಅಲ್ಲಿ ಯಾರೋ ಸೋಮಾರಿ ಬಿಚ್ಚದೆ ಹಾಗೇ ಹೊಡೆದಿದ್ದ! ಎರಡು ಲೋಹದ ನಡುವೆ ಉಪ್ಪುನೀರು ಸೇರಿದರೆ ಏನಾಗುತ್ತದೆ ಎಂಬ ಪಾಠ ಕಲಿತದ್ದು ಹೀಗೆ. ಮುಂದೆ 1824ರಲ್ಲಿ ಹಂಫ್ರಿ ಡೇವಿ ಎಂಬ ಮಹಾ ವಿಜ್ಞಾನಿ, ತಾಮ್ರವೂ ಸವೆಯದಂತೆ ಅದಕ್ಕೆ ಕಬ್ಬಿಣದ ತುಂಡು ಜೋಡಿಸುವ ಉಪಾಯ ಹೇಳಿದ. ತಾಮ್ರ ಸವೆಯಲಿಲ್ಲ, ನಿಜ. ಆದರೆ ಸವೆಯುವ ತಾಮ್ರದ ವಿಷವೇ ಪಾಚಿ, ಚಿಪ್ಪುಗಳನ್ನು ದೂರ ಇಟ್ಟಿತ್ತು. ಸವೆಯದಿದ್ದ ಮೇಲೆ ಅವೆಲ್ಲ ಬಂದು ಸಂಸಾರ ಹೂಡಿದವು, ಹಡಗು ಕುಂಟಿತು. ಈ ಜಗಳಗಳಿಂದಾಗಿಯೇ ವರದಿಯಲ್ಲಿ ತಗಡು ಯಾವುದು, ಮೊಳೆ ಯಾವುದು ಎಂಬುದಕ್ಕೆ ಬೇರೆ ಬೇರೆ ಕಾಲಂ. 1832ರಲ್ಲಿ ಮುಂಟ್ಜ್ ಎಂಬಾತ ತಾಮ್ರಕ್ಕೆ ಸತು ಬೆರೆಸಿ ಅಗ್ಗದ ತಗಡು ಮಾಡಿದ ಮೇಲೆ ‘ಹಳದಿ ಲೋಹ’ ಎಂಬ ಮಾತೂ ಸೇರಿತು.

ಟನ್ ಎಂಬ ಮಾತನ್ನು ಮುಟ್ಟದಿದ್ದರೆ ಚೆನ್ನಾಗಿತ್ತು. ಮುಟ್ಟಿದೆ. ಹಳೆಯ ವರದಿಯಲ್ಲಿ 400 ಟನ್ ಎಂದಿದ್ದರೆ ಅದು ಹಡಗಿನ ತೂಕವಲ್ಲ. ಒಂದು ಕಾಲಕ್ಕೆ ಅದು ದ್ರಾಕ್ಷಾರಸದ ದೊಡ್ಡ ಪೀಪಾಯಿಯ ಲೆಕ್ಕ. 1773ರ ಕಾನೂನಿನ ಪ್ರಕಾರ ಉದ್ದದಲ್ಲಿ ಅಗಲದ ಐದನೇ ಮೂರು ಭಾಗ ಕಳೆದು, ಅಗಲದಿಂದ ಗುಣಿಸಿ, ಮತ್ತೆ ಅಗಲದ ಅರ್ಧದಿಂದ ಗುಣಿಸಿ, 94ರಿಂದ ಭಾಗಿಸಬೇಕು. ಆಳ ಎಲ್ಲಿ ಹೋಯಿತು? ಆಳವನ್ನು ಅಳೆಯಲೇ ಇಲ್ಲ, ಅಗಲದ ಅರ್ಧ ಎಂದು ಇಟ್ಟುಕೊಂಡರು. ಬಂದರಿನ ಸುಂಕ ಟನ್ನಿನ ಮೇಲೆ. ಮಾಲೀಕರಿಗೆ ಇಷ್ಟು ಸುಳಿವು ಸಿಕ್ಕರೆ ಸಾಲದೇ? ಅಗಲ ಕಡಿಮೆ ಮಾಡಿ ಆಳ ಹೆಚ್ಚಿಸಿ, ಗೋಡೆಯ ಹಾಗೆ ನಿಂತ, ಗಾಳಿ ಬಂದರೆ ಹೊಯ್ದಾಡುವ ಹಡಗುಗಳನ್ನು ಕಟ್ಟಿಸಿದರು. ಸುಂಕ ಉಳಿಯಿತು, ಮೇಲಿದ್ದವರ ಹೊಟ್ಟೆಯಲ್ಲಿ ಊಟ ಉಳಿಯಲಿಲ್ಲ. 1854ರಲ್ಲಿ ಮೂರ್ಸಮ್ ಎಂಬಾತನ ಪದ್ಧತಿ ಬಂದು 100 ಘನ ಅಡಿ ಜಾಗಕ್ಕೆ ಒಂದು ಟನ್ ಎಂದಾಯಿತು. ಆಗಲೂ ತೂಕವಲ್ಲ.

ಇಷ್ಟೊಂದು ಮಾತುಗಳಿಗೆ ನಿಘಂಟು ಇಲ್ಲವೇ? ಇದೆ. ವಿಲಿಯಂ ಫಾಲ್ಕನರ್ ಎಂಬ ನಾವಿಕ ಕವಿ 1769ರಲ್ಲಿ ಕಡಲ ಮಾತುಗಳ ದೊಡ್ಡ ಕೋಶವನ್ನೇ ಹೊರತಂದ. ಅದೇ ವರ್ಷ ಅರೋರಾ ಎಂಬ ನೌಕೆ ಹತ್ತಿ ಭಾರತಕ್ಕೆ ಹೊರಟ. ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ಆಡಳಿತ ಸರಿಪಡಿಸಲು ನೇಮಕವಾದ ಮೂವರು ದೊಡ್ಡ ಅಧಿಕಾರಿಗಳೂ ಅದರಲ್ಲೇ ಇದ್ದರು. ಆಫ್ರಿಕದ ಕೇಪ್ ದಾಟಿದ ಮೇಲೆ ಆ ನೌಕೆಯನ್ನು ಯಾರೂ ಕಾಣಲಿಲ್ಲ. ಹಡಗಿನ ಪ್ರತಿ ತೊಲೆಗೂ ಅರ್ಥ ಬರೆದವನು ಹೋದ ಹಡಗಿಗೆ ಏನಾಯಿತು ಎಂದು ಬರೆಯಲು ಒಬ್ಬನೂ ಉಳಿಯಲಿಲ್ಲ. ನಮ್ಮ ಕಡೆಯ ಖಲಾಸಿಗಳ ಮಾತಿಗೂ ಒಂದು ಕೋಶ ಇದೆ, ಥಾಮಸ್ ರೋಬಕ್ ಎಂಬಾತ 1811ರಲ್ಲಿ ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಿದ್ದು. ಸಾಹೇಬರು ಆಜ್ಞೆ ಕೊಡಲು ಕಲಿಯಲಿ ಎಂದು ಮಾಡಿದ ಪುಸ್ತಕ. ಪೋರ್ಚುಗೀಸ್, ಹಿಂದೂಸ್ತಾನಿ ಎಲ್ಲ ಕಲಸಿದ ಭಾಷೆ, ಕಲಸಿದಷ್ಟೂ ಗಟ್ಟಿ.

ಕಬ್ಬಿಣದ ಹಡಗು ಬಂದ ಮೇಲಿನ ಕಥೆಯನ್ನು ಓಡಿಸಿಬಿಡುತ್ತೇನೆ. ಕಬ್ಬಿಣಕ್ಕೆ ಮರದ ವರ್ಷದ ಲೆಕ್ಕ ಹೊಂದಲಿಲ್ಲ. 1870ರಲ್ಲಿ ನೂರು ಎ ಒನ್ ಬಂತು. ಕಟ್ಟುವಾಗಲೇ ಸರ್ವೇಯರ ನಿಂತು ನೋಡಿದ್ದರೆ ಅದರ ಮುಂದೆ ಮಾಲ್ಟಾ ದ್ವೀಪದ ಶಿಲುಬೆಯ ಗುರುತು. ಇದು 1853ರಿಂದ ಇತ್ತು. ಇಂಜಿನ್ನಿಗೆ ಎಲ್ ಎಂ ಸಿ ಎಂಬ ಬೇರೆ ಗುರುತು. ಅದರ ಪಕ್ಕ ‘ನಾಮಿನಲ್ ಅಶ್ವಶಕ್ತಿ’ ಎಂದು ಒಂದು ಅಂಕಿ. ಜೇಮ್ಸ್ ವಾಟ್ ಕಾಲದ ಸಾಧು ಉಗಿಯ ಲೆಕ್ಕ ಹಿಡಿದು, ಸಿಲಿಂಡರಿನ ಗಾತ್ರ ನೋಡಿ ಬರೆಯುವ ಅಂಕಿ ಅದು. ಇಂಜಿನ್ ನಿಜಕ್ಕೂ ಎಳೆಯುವುದು ಅದರ ಎಷ್ಟೋ ಪಟ್ಟು. ಜಾತಕದಲ್ಲಿರುವ ವಯಸ್ಸು ಮತ್ತು ಶಾಲೆಯಲ್ಲಿ ಬರೆಸಿದ ವಯಸ್ಸು ಬೇರೆ ಬೇರೆ ಇರುವ ನಮ್ಮ ಹಿರಿಯರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ‘ಡಾಂಕಿ ಬಾಯ್ಲರ್’ ಎಂದು ಕಂಡರೂ ಗಾಬರಿಯಾಗಬೇಡಿ. ಬಂದರಿನಲ್ಲಿ ನಿಂತಾಗ ಸರಕು ಎತ್ತಲು, ನೀರು ಹೊಡೆಯಲು ಇಟ್ಟುಕೊಂಡ ಚಿಕ್ಕ ಬಾಯ್ಲರ್. ದೊಡ್ಡದು ಮಲಗಿರುವಾಗ ದುಡಿಯುವುದಕ್ಕೆ ಕತ್ತೆ ಎಂದೇ ಹೆಸರು, ಅದರಲ್ಲಿ ಆಶ್ಚರ್ಯ ಏನು?

ಇಲ್ಲಿ ಭಾವನವರಿಗೆ ಹುರುಪು ಬಂತು. ಹಡಗಿನ ಹೊಟ್ಟೆಯ ಮೇಲೆ ಒಂದು ವೃತ್ತ, ಅದರ ನಡುವೆ ಅಡ್ಡಗೆರೆ, ಅಕ್ಕಪಕ್ಕ ಎರಡು ಅಕ್ಷರ ಇರುತ್ತದೆ, ಎಲ್ ಆರ್ ಎಂದರೆ ಲಾಯ್ಡ್ಸ್ ರಿಜಿಸ್ಟರ್, ಐ ಆರ್ ಎಂದರೆ ನಮ್ಮದೇ ಇಂಡಿಯನ್ ರಿಜಿಸ್ಟರ್, 1975ರಲ್ಲಿ ಶುರುವಾದದ್ದು ಎಂದು ಪಾಠ ಮಾಡಿದರು. ಪಕ್ಕದಲ್ಲಿ ಏಣಿಯ ಹಾಗೆ, ಸರಕು ತುಂಬಿದ ಹಡಗು ಎಷ್ಟು ಮುಳುಗಬಹುದು ಎಂದು ತೋರಿಸುವ ಸಣ್ಣ ಗೆರೆಗಳು: ಬೇಸಿಗೆಗೆ ಒಂದು, ಚಳಿಗಾಲಕ್ಕೆ ಒಂದು, ಸಿಹಿನೀರಿಗೆ ಒಂದು. ಪಣಂಬೂರಿನ ಸೆಕೆಯಲ್ಲಿ ಬೆವರುತ್ತ ನಿಂತ ಸಣ್ಣ ಹಡಗಿನ ಮೇಲೂ ಉತ್ತರ ಅಟ್ಲಾಂಟಿಕದ ಚಳಿಗಾಲಕ್ಕೆಂದು ಪ್ರತ್ಯೇಕ ಗೆರೆ ಎಳೆದಿರುವುದನ್ನು ತಾವು ಕಂಡಿರುವುದಾಗಿ ಹೇಳಿದರು. ನಾನು ಪ್ಲಿಮ್ಸಾಲ್ ಕಥೆ ತೆಗೆದೆ. ಹಡಗಿಗೆ ಮಿತಿಮೀರಿ ಸರಕು ತುಂಬಿ, ವಿಮೆಯ ಧೈರ್ಯದಲ್ಲಿ ಖಲಾಸಿಗಳನ್ನು ಸಾಯಲು ಬಿಡುತ್ತಿದ್ದ ಮಾಲೀಕರ ವಿರುದ್ಧ ಬ್ರಿಟಿಷ್ ಸಂಸತ್ತಿನಲ್ಲಿ ಕೂಗಾಡಿ, 1876ರಲ್ಲಿ ಗೆರೆ ಎಳೆಯಲೇಬೇಕೆಂಬ ಕಾನೂನು ಮಾಡಿಸಿದವನು ಆತ. ಗೆರೆ ಎಳೆಯಬೇಕು ಎಂದಿತ್ತೇ ಹೊರತು ಎಲ್ಲಿ ಎಳೆಯಬೇಕು ಎಂಬುದು 1890ರವರೆಗೂ ಮಾಲೀಕನ ಮರ್ಜಿ. ಕಾರ್ಡಿಫ್ ಬಂದರಿನ ಕಪ್ತಾನನೊಬ್ಬ ಅದನ್ನು ಹೊಗೆ ಕೊಳವೆಯ ಮೇಲೆ ಬರೆಸಿಕೊಂಡಿದ್ದನಂತೆ ಎಂದು ಹಡಗಿನವರು ಇಂದಿಗೂ ಹೇಳಿ ನಗುತ್ತಾರೆ.

ಭಾವನವರು ನಗಲಿಲ್ಲ. ಅಡಿಕೆ ಹೋಳು ಆರಿಸುತ್ತ ಕೇಳಿದರು: ‘ಅದೆಲ್ಲ ಸರಿ ಮಾರಾಯ, ಆ ಹಡಗನ್ನು ಸರ್ವೆ ಮಾಡಿದವನಿಗೆ ಎಷ್ಟು ಕೊಟ್ಟಿದ್ದಿರಬಹುದು?’